ಕಂಪನಿ ಹುಟ್ಟಿಸಿದ ಕ್ಲಬ್, ಊರು ಸಾಕಿದ ಕ್ಲಬ್

1/10

2025ರ ಆಗಸ್ಟ್ ಮೊದಲ ವಾರ ನಿಮ್ಮಲ್ಲಿ ಕೆಲವರ ಫೋನಿಗಾದ್ರೂ ಆ ಸುದ್ದಿ ಬಂದಿರುತ್ತೆ. ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿತ್ತು. ಇಂಡಿಯನ್ ಸೂಪರ್ ಲೀಗ್ ಮುಂದಿನ ಸೀಸನ್ ನಡೆಯುತ್ತಾ ಇಲ್ವಾ ಅನ್ನೋದೇ ಆಗ ತೀರ್ಮಾನವಾಗಿರಲಿಲ್ಲ, ಅದಕ್ಕೆ. ಮಕ್ಕಳ ತಂಡಗಳು, ಫುಟ್‌ಬಾಲ್ ಶಾಲೆಗಳು ಎಂದಿನಂತೆ ನಡೆಯುತ್ತವೆ ಎಂದು ಕ್ಲಬ್ ಹೇಳಿತ್ತು.

ಜುಲೈ 20ಕ್ಕೆ ಈ ಕ್ಲಬ್‌ಗೆ 12 ವರ್ಷ ತುಂಬಿತ್ತು. ಹುಟ್ಟುಹಬ್ಬದ ಪೋಸ್ಟ್‌ಗಳು ಇನ್ನೂ ಫೀಡ್‌ನಿಂದ ಇಳಿದಿರಲಿಲ್ಲ, ಅಷ್ಟರಲ್ಲಿ ಇದು ಬಂತು.

ನಾನು ಬಿಕಾಂ ಓದ್ತಿದ್ದೀನಿ. ಸಂಬಳ ತಡೆಹಿಡಿದಿದ್ದಾರೆ ಅಂದ ಕೂಡಲೇ ತಲೆಯ ಒಂದು ಭಾಗ ಲೆಕ್ಕ ಹಾಕೋಕೆ ಶುರು ಮಾಡಿತು: ಆದಾಯ ನಿಂತಿದೆ, ಖರ್ಚು ಇಳಿಸ್ತಿದ್ದಾರೆ, ಇದರಲ್ಲಿ ಆಶ್ಚರ್ಯ ಏನಿದೆ? ಇನ್ನೊಂದು ಭಾಗಕ್ಕೆ ಮಾತ್ರ ನಮ್ಮ ಮಾಮ ಹೇಳಿದ್ದು ನೆನಪಾಯ್ತು. 2013ರಲ್ಲಿ ಕ್ಲಬ್ ಶುರುವಾದಾಗ ಅವರು ಪೇಪರ್ ಮಡಚಿಟ್ಟು ಅಂದಿದ್ದರಂತೆ: "ಕಂಪನಿ ಟೀಮು ಕಣೋ. ಇವತ್ತು ಇರುತ್ತೆ, ನಾಳೆ ಬಾಗಿಲು ಹಾಕ್ತಾರೆ."

ಆಗ ನನಗೆ 8 ವರ್ಷ. ಈಗ 20. ಮಾಮನ ಮಾತು ನಿಜ ಆಗುತ್ತಾ ಅನ್ನೋ ಭಯದಲ್ಲೇ ಈ ಸರಣಿ ಬರೀತಿದ್ದೀನಿ. ಬೆಂಗಳೂರು ಎಫ್‌ಸಿ ಯಾರದ್ದು? ಕಟ್ಟಿದ ಕಂಪನಿಯದ್ದಾ, ಕೂಗಿದ ಊರಿನದ್ದಾ? 10 ಪೋಸ್ಟ್ ಇವೆ. ಪುರುಸೊತ್ತಾದಾಗ ಓದಿ, ಸೇವ್ ಮಾಡಿಟ್ಕೊಳ್ಳಿ.

2/10

ಕ್ಲಬ್ ಬರೋಕೆ ಮುಂಚೆ ಬೆಂಗಳೂರಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ ಅಂದುಕೊಂಡಿದ್ದರೆ ಇಲ್ಲಿಂದಲೇ ತಿದ್ದಿಕೊಳ್ಳೋಣ.

ಮುಂಬೈನಲ್ಲಿ ರೋವರ್ಸ್ ಕಪ್ ಅಂತ ಒಂದು ಹಳೇ ಟೂರ್ನಿ ಇತ್ತು. ಅದು ವರ್ಷಗಟ್ಟಲೆ ಬ್ರಿಟಿಷ್ ಸೇನಾ ತಂಡಗಳ ಸ್ವತ್ತಿನಂತೆಯೇ ಇತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮೂರಿನ ಬ್ಯಾಂಗಲೂರ್ ಮುಸ್ಲಿಮ್ಸ್. ಮರುವರ್ಷ ಮತ್ತೆ ಗೆದ್ದರು.

1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ತಂಡ, ಹೆಚ್ಚಿನವರು ಬರಿಗಾಲಲ್ಲಿ. ಫ್ರಾನ್ಸ್ ವಿರುದ್ಧ 2-1ರಲ್ಲಿ ಸೋತರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಕೋಲ್ಕತ್ತದ ಈಸ್ಟ್ ಬೆಂಗಾಲ್‌ನ ಐದು ಮಂದಿ ಮುಂಚೂಣಿ ಆಟಗಾರರನ್ನು ಅಲ್ಲಿನ ಜನ 'ಪಂಚ ಪಾಂಡವರು' ಅಂತ ಕರೀತಿದ್ರು. ಆ ಐವರಲ್ಲಿ ಇವರೂ ಒಬ್ಬರು.

ಸಂತೋಷ್ ಟ್ರೋಫಿಯನ್ನು ಆಗಿನ ಮೈಸೂರು ರಾಜ್ಯ 4 ಸಲ ಗೆದ್ದಿತ್ತು. ಕೊನೆಯದು 1968-69ರಲ್ಲಿ.

ಈ ಆಟಗಾರರಿಗೆ ಅನ್ನ ಹಾಕಿದ್ದು ಯಾರು? ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇಯಂಥ ಸರ್ಕಾರಿ ಸಂಸ್ಥೆಗಳು. ಬೆಳಿಗ್ಗೆ ಡ್ಯೂಟಿ, ಸಂಜೆ ಅಭ್ಯಾಸ, ತಿಂಗಳ ಕೊನೆಗೆ ಸಂಬಳ, ವಯಸ್ಸಾದ ಮೇಲೆ ಪಿಂಚಣಿ. ಗೌತಮಪುರ, ಆಸ್ಟಿನ್ ಟೌನ್ ಕಡೆಯ ಹುಡುಗರಿಗೆ ಫುಟ್‌ಬಾಲ್ ಅಂದ್ರೆ ನೌಕರಿಯ ದಾರಿಯೂ ಆಗಿತ್ತು. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ನೋಡಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ.

ಹಾಗಾಗಿ ಕಂಪನಿ ಟೀಮು ಅನ್ನೋದು ಈ ಊರಿಗೆ ಬೈಗುಳವೇನೂ ಆಗಿರಲಿಲ್ಲ. ಆದರೆ ನೌಕರಿ ಕೊಟ್ಟು ಆಡಿಸುವ ಪದ್ಧತಿ ವೃತ್ತಿಪರ ಲೀಗ್‌ನ ಮುಂದೆ ನಿಲ್ಲಲಿಲ್ಲ. ಎಚ್‌ಎಎಲ್ 2010ರಲ್ಲಿ ಐ-ಲೀಗ್‌ಗೆ ಏರಿತು, 2012ರಲ್ಲಿ ಕೆಳಗಿಳಿಯಿತು. ಅಲ್ಲಿಗೆ ದೇಶದ ಅತ್ಯುನ್ನತ ಲೀಗ್‌ನಲ್ಲಿ ಬೆಂಗಳೂರಿನ ಹೆಸರೇ ಇಲ್ಲದಂತಾಯ್ತು.

3/10

ಮಾಮನಿಗೆ ಯಾಕೆ ನಂಬಿಕೆ ಬರಲಿಲ್ಲ ಅಂತ ಅರ್ಥ ಆಗಬೇಕಾದ್ರೆ ಇನ್ನೆರಡು ಹೆಸರು ಗೊತ್ತಿರಬೇಕು.

ಮಹೀಂದ್ರ ಯುನೈಟೆಡ್. ಮುಂಬೈನ ಕ್ಲಬ್, ದೊಡ್ಡ ಕಂಪನಿ, ರಾಷ್ಟ್ರೀಯ ಲೀಗ್ ಗೆದ್ದ ತಂಡ. 2010ರಲ್ಲಿ ಮುಚ್ಚಿತು.

ಜೆಸಿಟಿ. ಪಂಜಾಬಿನ ಫಗ್ವಾರದ ಬಟ್ಟೆ ಮಿಲ್ಲಿನ ತಂಡ. 1996-97ರಲ್ಲಿ ನಡೆದ ಮೊದಲ ರಾಷ್ಟ್ರೀಯ ಲೀಗ್‌ನ ಚಾಂಪಿಯನ್. 2011ರಲ್ಲಿ ಮುಚ್ಚಿತು.

ಎರಡಕ್ಕೂ ಕಪ್ಪು ಗೆಲ್ಲೋ ತಾಕತ್ತು ಇಲ್ಲದೆ ಹೋಗಿದ್ದಲ್ಲ. ಕಂಪನಿಗೆ ಬೇಡ ಅನ್ನಿಸಿತು, ಅಷ್ಟೇ.

ಇಂಥ ಹೊತ್ತಲ್ಲಿ, 2013ರ ಜುಲೈ 20ರಂದು, ಜೆಎಸ್‌ಡಬ್ಲ್ಯು ಅನ್ನೋ ಉಕ್ಕಿನ ಕಂಪನಿ ಬೆಂಗಳೂರಿನಲ್ಲಿ ಹೊಸ ಕ್ಲಬ್ ಘೋಷಿಸಿತು. ಐ-ಲೀಗ್‌ಗೆ ನೇರ ಪ್ರವೇಶ. ಕೆಳಗಿನ ದರ್ಜೆಯಿಂದ ಗೆದ್ದು ಬಂದದ್ದಲ್ಲ, ಬಿಡ್ ಮಾಡಿ ಬಂದದ್ದು. ಬಯ್ಯೋರಿಗೆ ಅದೂ ಒಂದು ಕಾರಣ ಆಯ್ತು.

ಆದರೆ ಹೆಸರು ಗಮನಿಸಿ. ಇಂಗ್ಲಿಷ್‌ನಲ್ಲಿ ಈ ಊರಿನ ಹೆಸರು ಅಧಿಕೃತವಾಗಿ 'ಬೆಂಗಳೂರು' ಆಗಿದ್ದು 2014ರ ನವೆಂಬರ್ 1ಕ್ಕೆ. ಕ್ಲಬ್ ಅದಕ್ಕಿಂತ ಒಂದು ವರ್ಷ ಮೊದಲೇ 'ಬ್ಯಾಂಗಲೂರ್' ಬಿಟ್ಟು 'ಬೆಂಗಳೂರು' ಅಂತಲೇ ಇಟ್ಟುಕೊಂಡಿತ್ತು. ಸಣ್ಣ ವಿಷಯ ಅನ್ನಿಸಬಹುದು. ನಾವು ಮನೆಯಲ್ಲಿ ಕರೆಯೋ ಹೆಸರು ಜೆರ್ಸಿ ಮೇಲೆ ಬಂದಿದ್ದು ನನಗಂತೂ ಸಣ್ಣದಲ್ಲ.

ಕೋಚ್ ಆಗಿ ಬಂದವರು ಆಶ್ಲಿ ವೆಸ್ಟ್‌ವುಡ್. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದ ಇಂಗ್ಲಿಷ್‌ಮನ್. ನಾಯಕನಾಗಿ ಬಂದವರು ಸುನಿಲ್ ಛೆಟ್ರಿ. ಛೆಟ್ರಿ 2005ರಿಂದ 2008ರವರೆಗೆ ಆಡಿದ್ದು ಎಲ್ಲಿ ಗೊತ್ತಾ? ಅದೇ ಜೆಸಿಟಿಯಲ್ಲಿ. ಕಂಪನಿ ಕ್ಲಬ್ ಬಾಗಿಲು ಹಾಕಿದ್ರೆ ಏನಾಗುತ್ತೆ ಅನ್ನೋದು ಗೊತ್ತಿದ್ದ ಮನುಷ್ಯನೇ ಇನ್ನೊಂದು ಕಂಪನಿ ಕ್ಲಬ್‌ನ ನಾಯಕನಾದ.

4/10

ಫೋಟೋದಲ್ಲಿರೋದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ. ಗರುಡಾ ಮಾಲ್‌ಗೆ ಹೋಗುವಾಗ ನೀವು ಎಷ್ಟೋ ಸಲ ಇದರ ಪಕ್ಕದಲ್ಲೇ ಹಾದು ಹೋಗಿರುತ್ತೀರಿ.

2013ರ ಸೆಪ್ಟೆಂಬರ್ 22ರಂದು ಇಲ್ಲಿ ಬಿಎಫ್‌ಸಿಯ ಮೊದಲ ಪಂದ್ಯ ನಡೆಯಿತು. ಎದುರಾಳಿ ಮೋಹನ್ ಬಾಗಾನ್, 1889ರಲ್ಲಿ ಹುಟ್ಟಿದ ಕ್ಲಬ್. ಒಂದು ಕಡೆ 124 ವರ್ಷ, ಇನ್ನೊಂದು ಕಡೆ 2 ತಿಂಗಳು. ಶಾನ್ ರೂನಿ ಕ್ಲಬ್‌ನ ಚರಿತ್ರೆಯ ಮೊದಲ ಗೋಲು ಹೊಡೆದರು. ಬಾಗಾನ್‌ಗಾಗಿ ಸಬೀತ್ ಸಮ ಮಾಡಿದರು. 1-1.

ಮೈದಾನ ಚಿಕ್ಕದು. ಬದಿಯ ಗೆರೆ ಹತ್ತಿರ ಆಟಗಾರ ಬಂದ್ರೆ ಅವನ ಉಸಿರು ಕೇಳುವಷ್ಟು ಹತ್ತಿರ ಗ್ಯಾಲರಿ. ಪಶ್ಚಿಮದ ಬ್ಲಾಕ್‌ನಲ್ಲಿ ಒಂದಷ್ಟು ಜನ ಕೂರದೇ ನಿಂತು, ಡೋಲು ಹಿಡಿದು, ಪೂರ್ತಿ ಪಂದ್ಯ ಕೂಗೋಕೆ ಶುರು ಮಾಡಿದರು. ಅವರೇ ವೆಸ್ಟ್ ಬ್ಲಾಕ್ ಬ್ಲೂಸ್. ಇವರನ್ನು ಕಂಪನಿ ನೇಮಕ ಮಾಡಿಕೊಂಡಿರಲಿಲ್ಲ. ಟಿಕೆಟ್ ತಗೊಂಡು ಬಂದವರು, ಕೂಗ್ತಾ ಕೂಗ್ತಾ ಪರಿಚಯ ಆದವರು. ಐಟಿ ಕೆಲಸದವರು, ಕಾಲೇಜಿನವರು, ಬೇರೆ ರಾಜ್ಯದಿಂದ ಬಂದು ಇಲ್ಲೇ ನೆಲೆಸಿದವರು. ಬಾಡಿಗೆ ಮನೆಯಲ್ಲಿರೋನಿಗೂ ಈ ಊರಲ್ಲಿ ತನ್ನದು ಅಂತ ಹೇಳಿಕೊಳ್ಳೋಕೆ ಒಂದು ಬ್ಲಾಕ್ ಸಿಕ್ಕಿತು.

ಮೊದಲ ಸೀಸನ್‌ನಲ್ಲಿ ಮಧ್ಯದಲ್ಲಿ ಎಲ್ಲೋ ಉಳಿದ್ರೆ ಸಾಕು ಅನ್ನೋದು ಹೊರಗಿನವರ ಲೆಕ್ಕ. 2014ರ ಏಪ್ರಿಲ್ 21ರಂದು ಗೋವಾದಲ್ಲಿ, ಹಲವು ಸಲ ಚಾಂಪಿಯನ್ ಆಗಿದ್ದ ಡೆಂಪೊವನ್ನು ಅದರ ಊರಲ್ಲೇ 4-2ರಿಂದ ಸೋಲಿಸಿ ಬಿಎಫ್‌ಸಿ ಐ-ಲೀಗ್ ಗೆದ್ದಿತು. ವಯಸ್ಸು ಒಂಬತ್ತು ತಿಂಗಳು. ಛೆಟ್ರಿ ಆ ಸೀಸನ್ 14 ಗೋಲು ಹೊಡೆದಿದ್ದರು.

ಮಾಮ ಮಾರನೇ ದಿನ ಪೇಪರ್ ಕೊನೇ ಪುಟದಿಂದ ಓದಿದರಂತೆ. ಏನೂ ಹೇಳಲಿಲ್ಲವಂತೆ.

5/10

ಗೆದ್ದಾಗ ಜೊತೆಗಿರೋದು ದೊಡ್ಡ ವಿಷಯ ಅಲ್ಲ. ಈ ಊರು ಈ ಕ್ಲಬ್‌ಗೆ ನಿಜವಾಗಿ ಅಂಟಿಕೊಂಡಿದ್ದು ಒಂದು ಸೋಲಿನಂಥ ಡ್ರಾದಲ್ಲಿ ಅಂತ ನನ್ನ ಅನಿಸಿಕೆ.

ಎರಡನೇ ಸೀಸನ್‌ಗೆ ಬಿಎಫ್‌ಸಿ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಹೋಯ್ತು. 2015ರ ಜನವರಿಯಲ್ಲಿ ಮತ್ತೆ ಗೋವಾದಲ್ಲಿ, ಮತ್ತೆ ಡೆಂಪೊವನ್ನೇ 2-1ರಿಂದ ಸೋಲಿಸಿ ಫೆಡರೇಷನ್ ಕಪ್ ಗೆದ್ದಿತು. ಲೀಗ್ ಕೊನೇ ದಿನದವರೆಗೂ ತೀರ್ಮಾನ ಆಗಲಿಲ್ಲ.

ಮೇ 31, 2015. ಕಂಠೀರವದಲ್ಲಿ ಬಿಎಫ್‌ಸಿ ಮತ್ತು ಮೋಹನ್ ಬಾಗಾನ್. ಬಾಗಾನ್ 2 ಅಂಕ ಮುಂದಿತ್ತು. ಅಂದರೆ ಅವರಿಗೆ ಡ್ರಾ ಸಾಕು, ನಮಗೆ ಗೆಲುವೇ ಬೇಕು. ಕೋಲ್ಕತ್ತದಿಂದಲೂ ಅಭಿಮಾನಿಗಳು ಬಂದಿದ್ದರು. ಮಾಮ ನನ್ನನ್ನು ಮೊದಲ ಸಲ ಸ್ಟೇಡಿಯಂಗೆ ಕರ್ಕೊಂಡು ಹೋಗಿದ್ದು ಅವತ್ತೇ. "ಸುಮ್ನೆ ನೋಡ್ಕೊಂಡು ಬರೋಣ" ಅಂದಿದ್ರು.

41ನೇ ನಿಮಿಷ: ಜಾನ್ ಜಾನ್ಸನ್ ಗೋಲು. 1-0. ಹೀಗೇ ಮುಗಿದರೆ ಕಪ್ಪು ನಮ್ಮದು.

ಐವತ್ತು, ಅರವತ್ತು, ಎಂಬತ್ತು ನಿಮಿಷ ಆಯ್ತು. ಮಾಮ ಗಡಿಯಾರ ನೋಡೋದು ಬಿಟ್ಟು ಎದ್ದು ನಿಂತಿದ್ದರು.

87ನೇ ನಿಮಿಷ: ಬಾಗಾನ್‌ನ ಡಿಫೆಂಡರ್ ಬೆಲ್ಲೊ ರಝಾಕ್ ಗೋಲು. 1-1. ಕೊನೆಗೂ ಹಾಗೇ ಮುಗೀತು. 13 ವರ್ಷದ ಮೇಲೆ ಬಾಗಾನ್ ರಾಷ್ಟ್ರೀಯ ಚಾಂಪಿಯನ್.

ಮೂರು ನಿಮಿಷ. ಅಷ್ಟೇ ಉಳಿದಿತ್ತು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಮಾಮ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದದ್ದು: "ಕಾರ್ನರ್ ಟೈಮಲ್ಲಿ ನಮ್ಮೋರು ಅವನನ್ನ ಹಂಗೆ ಬಿಡಬಾರದಿತ್ತು." ನಮ್ಮೋರು! ಎರಡು ವರ್ಷದ ಹಿಂದೆ 'ಕಂಪನಿ ಟೀಮು' ಅಂದವರ ಬಾಯಲ್ಲಿ.

ಮರುವರ್ಷ, 2016ರ ಏಪ್ರಿಲ್ 17ರಂದು, ಅದೇ ಕಂಠೀರವದಲ್ಲಿ ಸಾಲ್ಗಾವ್ಕರ್ ತಂಡವನ್ನು 2-0ಯಿಂದ ಸೋಲಿಸಿ ಬಿಎಫ್‌ಸಿ ಲೀಗನ್ನು ವಾಪಸ್ ತಂತು. 3 ಸೀಸನ್‌ನಲ್ಲಿ 2 ಲೀಗ್.

6/10

ಈಗ ದೇಶದಿಂದ ಹೊರಗೆ ಹೋಗೋಣ.

ಎಎಫ್‌ಸಿ ಕಪ್ ಅಂದ್ರೆ ಆಗ ಏಷ್ಯಾದ ಕ್ಲಬ್‌ಗಳ ಎರಡನೇ ದರ್ಜೆಯ ಟೂರ್ನಿ. ಡೆಂಪೊ, ಈಸ್ಟ್ ಬೆಂಗಾಲ್ ಸೆಮಿಫೈನಲ್ ತನಕ ಹೋಗಿದ್ದವು. ಫೈನಲ್‌ಗೆ ಯಾವ ಭಾರತೀಯ ಕ್ಲಬ್ಬೂ ಮುಟ್ಟಿರಲಿಲ್ಲ.

2016ರಲ್ಲಿ ವೆಸ್ಟ್‌ವುಡ್ ಹೋದರು, ಆಲ್ಬರ್ಟ್ ರೋಕಾ ಬಂದರು. ಸ್ಪೇನಿನವರು, ಬಾರ್ಸಿಲೋನಾದಲ್ಲಿ ಸಹಾಯಕ ಕೋಚ್ ಆಗಿದ್ದವರು. ಕ್ವಾರ್ಟರ್‌ಫೈನಲ್‌ನಲ್ಲಿ ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ಮೇಲೆ ಗೆದ್ದಾಯ್ತು. ಸೆಮಿಫೈನಲ್‌ಗೆ ಎದುರಾದದ್ದು ಮಲೇಷ್ಯಾದ ಜೊಹೊರ್ ದಾರುಲ್ ತಾಝಿಂ. ಹಾಲಿ ಚಾಂಪಿಯನ್, ಅದೇ ವರ್ಷ ಗುಂಪು ಹಂತದಲ್ಲಿ ಬಿಎಫ್‌ಸಿಯನ್ನು ಸೋಲಿಸಿದ್ದ ತಂಡ. ಮಲೇಷ್ಯಾದಲ್ಲಿ ನಡೆದ ಮೊದಲ ಪಂದ್ಯ 1-1.

ಅಕ್ಟೋಬರ್ 19, ಕಂಠೀರವ. 11ನೇ ನಿಮಿಷದಲ್ಲೇ ಜೊಹೊರ್ ಗೋಲು ಹೊಡೆಯಿತು. ಮೈದಾನ ತಣ್ಣಗಾಯ್ತು. ವಿರಾಮಕ್ಕೆ ಸ್ವಲ್ಪ ಮುಂಚೆ ಛೆಟ್ರಿಯ ಹೆಡರ್, 1-1. ದ್ವಿತೀಯಾರ್ಧದಲ್ಲಿ ಛೆಟ್ರಿ ಪೆನಾಲ್ಟಿ ಚೌಕದ ಹೊರಗಿನಿಂದ ಹೊಡೆದ ಚೆಂಡು ಬಲೆ ಸೇರಿತು, 2-1. ಆಮೇಲೆ ಹುವಾನನ್, 3-1.

ಆ ಎರಡನೇ ಗೋಲನ್ನು ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿ. ವಾಲ್ಯೂಮ್ ಜಾಸ್ತಿ ಇಟ್ಕೊಳ್ಳಿ. ಗೋಲಿಗಿಂತ ಆ ಸದ್ದು ಕೇಳಬೇಕು.

ನವೆಂಬರ್ 5, ದೋಹಾ. ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ಕ್ಲಬ್ ಅಲ್-ಖುವಾ ಅಲ್-ಜವಿಯಾ. 71ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲು. 0-1.

ಸೋತರು, ನಿಜ. ಆದರೆ ಏಷ್ಯಾ ಮಟ್ಟದ ಕ್ಲಬ್ ಫೈನಲ್‌ನ ಫಲಕದಲ್ಲಿ ಮೊದಲ ಸಲ ಬಂದ ಭಾರತದ ಕ್ಲಬ್‌ನ ಹೆಸರು 'ಬೆಂಗಳೂರು'. ಆಗ ಅದಕ್ಕೆ ವಯಸ್ಸು 3 ವರ್ಷ, 3 ತಿಂಗಳು.

7/10

ಇಲ್ಲೊಂದು ತಿರುವಿದೆ, ಅದನ್ನ ಬಿಟ್ಟು ಹೋದ್ರೆ 2025ರ ಸಮಸ್ಯೆ ಅರ್ಥ ಆಗಲ್ಲ.

2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾಯ್ತು. 8 ತಂಡ. ಬೆಂಗಳೂರಿಗೂ ಒಂದು ತಂಡ ಅಂತ ಮೊದಲು ಗೊತ್ತಾಗಿತ್ತು, ಅದನ್ನು ಪಡೆದವರು ಹಿಂದೆ ಸರಿದರು, ಆ ಜಾಗಕ್ಕೆ ಚೆನ್ನೈ ಬಂತು. ಬಿಎಫ್‌ಸಿ ಐ-ಲೀಗ್‌ನಲ್ಲೇ ಉಳೀತು. ಟಿವಿ, ದುಡ್ಡು, ಸಿನಿಮಾ ತಾರೆಯರು ಎಲ್ಲಾ ಆ ಕಡೆ. ಹಳೇ ಲೀಗ್ ಈ ಕಡೆ. ಕೊನೆಗೆ 2017ರಲ್ಲಿ ಬಿಎಫ್‌ಸಿ ಮತ್ತು ಜಮ್‌ಷೆಡ್‌ಪುರ ಐಎಸ್‌ಎಲ್ ಸೇರಿದವು. ಅದೇ ವರ್ಷ ಮೇ ತಿಂಗಳಲ್ಲಿ, ಹೊರಡೋ ಮುಂಚೆ, ಕಟಕ್‌ನಲ್ಲಿ ಬಾಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಹೊಡೆದ 2 ಗೋಲಿನಿಂದ ಇನ್ನೊಂದು ಫೆಡರೇಷನ್ ಕಪ್ ತಂದಿತ್ತು.

ಐಎಸ್‌ಎಲ್‌ನ ಮೊದಲ ಸೀಸನ್‌ನಲ್ಲೇ 18 ಪಂದ್ಯಕ್ಕೆ 40 ಅಂಕ, ಎರಡನೇ ಸ್ಥಾನದವರಿಗಿಂತ 8 ಜಾಸ್ತಿ. ಫೈನಲ್ ಕಂಠೀರವದಲ್ಲೇ. ಮಾರ್ಚ್ 17, 2018. ಎದುರಾಳಿ ಚೆನ್ನೈಯಿನ್. 9ನೇ ನಿಮಿಷದಲ್ಲಿ ಛೆಟ್ರಿ ಹೆಡರ್. ಮುಗೀತು, ಕಪ್ಪು ನಮ್ದೇ ಅಂದುಕೊಂಡೆವು. ಆಮೇಲೆ ಎರಡು ಕಾರ್ನರ್, ಎರಡೂ ಸಲ ಮೈಲ್ಸನ್ ಆಲ್ವೆಸ್‌ನ ತಲೆ. 2-3ರಲ್ಲಿ ಸೋಲು. ಮತ್ತದೇ ಕಾರ್ನರ್! ಒಂದು ತಿಂಗಳ ನಂತರ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 4-1ರಿಂದ ಸೂಪರ್ ಕಪ್ ಗೆದ್ದರೂ ಆ ನೋವು ಹೋಗಲಿಲ್ಲ.

ಸರಿಯಾಗಿ ಒಂದು ವರ್ಷಕ್ಕೆ, ಮಾರ್ಚ್ 17, 2019ರಂದು, ಮುಂಬೈನಲ್ಲಿ ಎಫ್‌ಸಿ ಗೋವಾ ವಿರುದ್ಧ ಮತ್ತೆ ಫೈನಲ್. ಕೋಚ್ ಕಾರ್ಲೆಸ್ ಕ್ವಾದ್ರಾತ್. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯವೂ ಮುಗೀತಾ ಬಂತು. 117ನೇ ನಿಮಿಷ, ಡಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದರು, ರಾಹುಲ್ ಭೆಕೆ ತಲೆ ಕೊಟ್ಟರು. 1-0.

ಈ ಸಲ ಕಾರ್ನರ್ ನಮ್ಮ ಕಡೆಗಿತ್ತು.

8/10

ಬರೀ ಹೊಗಳಿ ಬರೆದ್ರೆ ಅದು ಚರಿತ್ರೆ ಆಗಲ್ಲ, ಜಾಹೀರಾತಾಗುತ್ತೆ. ಹಾಗಾಗಿ ಎರಡು ತಕರಾರನ್ನೂ ಇಲ್ಲೇ ಇಡ್ತೀನಿ.

ಮೊದಲನೆಯದು ಕಂಠೀರವದ ಟ್ರ್ಯಾಕ್. ಫೋಟೋದಲ್ಲಿ ಗ್ಯಾಲರಿಗೂ ಹುಲ್ಲಿಗೂ ಮಧ್ಯೆ ಕಾಣ್ತಿದೆಯಲ್ಲ, ಅದು ಓಟಗಾರರದ್ದು. ಈ ಕ್ರೀಡಾಂಗಣ ಮೊದಲಿಂದಲೂ ಅಥ್ಲೆಟಿಕ್ಸ್‌ನದ್ದು. ಫುಟ್‌ಬಾಲ್ ಪಂದ್ಯಗಳಿಂದ ತಮ್ಮ ಮಕ್ಕಳ ಅಭ್ಯಾಸಕ್ಕೆ ತೊಂದರೆ ಆಗ್ತಿದೆ ಅಂತ ಅಥ್ಲೆಟಿಕ್ಸ್ ಕಡೆಯವರು ದನಿ ಎತ್ತಿದರು, ವಿಷಯ ಹೈಕೋರ್ಟ್‌ವರೆಗೂ ಹೋಯ್ತು. ನಾನು ಬಿಎಫ್‌ಸಿ ಪಕ್ಷದವನು. ಆದರೂ ಹೇಳ್ತೀನಿ, ಬೆಳಗಿನ 6 ಗಂಟೆಗೆ ಶೂ ಹಿಡ್ಕೊಂಡು ಬಂದ ಹುಡುಗಿಗೆ ಗೇಟಲ್ಲಿ "ಇವತ್ತು ಮ್ಯಾಚಿದೆ" ಅಂದ್ರೆ ಅವಳ ಸಿಟ್ಟು ನ್ಯಾಯವಾದದ್ದೇ. ಇಷ್ಟು ದೊಡ್ಡ ಊರಲ್ಲಿ ಇಬ್ಬರಿಗೂ ಒಂದೊಂದು ಮೈದಾನ ಇಲ್ಲದಿರೋದೇ ನಿಜವಾದ ತಪ್ಪು.

ಎರಡನೆಯದು ನಮ್ಮ ಹುಡುಗರು ಎಲ್ಲಿ ಅನ್ನೋ ಪ್ರಶ್ನೆ. ಮೊದಲ ವರ್ಷಗಳಲ್ಲಿ ಬೆಂಗಳೂರಿನ ಶಂಕರ್ ಸಂಪಂಗಿರಾಜ್ ತಂಡದಲ್ಲಿದ್ದರು. ಈಗ ಕರಾವಳಿ ಮೂಲದ ನಿಖಿಲ್ ಪೂಜಾರಿ ಇದ್ದಾರೆ. ಆದರೆ ಮೊದಲ ಹನ್ನೊಂದರಲ್ಲಿ ಕರ್ನಾಟಕದವರನ್ನು ಎಣಿಸೋಕೆ ಒಂದು ಕೈ ಬೆರಳು ಸಾಕು.

ಎರಡು ದಿನಾಂಕ ಅಕ್ಕಪಕ್ಕ ಇಟ್ಟು ನೋಡಿ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಛೆಟ್ರಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಆ ದಿಢೀರ್ ಫ್ರೀಕಿಕ್ ಹೊಡೆದರು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋದರು. ವಾರಗಟ್ಟಲೆ ದೇಶವೆಲ್ಲಾ ಅದೇ ಚರ್ಚೆ. ಮಾರನೇ ದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಎರಡನೇ ಸುದ್ದಿ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ನನಗೂ ತಡವಾಗಿಯೇ ಗೊತ್ತಾಗಿದ್ದು.

ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಕ್ಲಬ್‌ನ ವಸತಿ ಅಕಾಡೆಮಿ ಇದೆ. ಅಲ್ಲಿಂದಾದರೂ ಈ ಎರಡು ಮಾರ್ಚ್‌ಗಳ ನಡುವಿನ ದೂರ ಕಡಿಮೆ ಆಗಲಿ.

9/10

2019ರ ನಂತರದ ಕತೆ ಏರಿಳಿತದ್ದು.

ಕೋವಿಡ್ ಬಂತು. ಎರಡು ಸೀಸನ್ ಪೂರ್ತಿ ಗೋವಾದಲ್ಲಿ ನಡೆದವು, ಗ್ಯಾಲರಿ ಖಾಲಿ. 2021ರ ಜನವರಿಯಲ್ಲಿ ಸತತ ಸೋಲಿನ ನಂತರ ಕ್ವಾದ್ರಾತ್ ಹೋದರು. ಮೊದಲು 7ನೇ ಸ್ಥಾನ, ಆಮೇಲೆ 6ನೇ ಸ್ಥಾನ. ಆ ಖಾಲಿ ಗ್ಯಾಲರಿಯ ಪಂದ್ಯಗಳನ್ನು ಈಗ ನೋಡಿದ್ರೆ ವಿಚಿತ್ರ ಅನ್ನಿಸುತ್ತೆ. ಜೆರ್ಸಿ ಅದೇ, ಛೆಟ್ರಿಯೂ ಅದೇ, ಆದರೆ ಬೆಂಗಳೂರು ಮಾತ್ರ ಅಲ್ಲಿರಲಿಲ್ಲ.

2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಮುಂಬೈ ಸಿಟಿ ವಿರುದ್ಧ 2-1ರಿಂದ ಡ್ಯುರಾಂಡ್ ಕಪ್ ಬಂತು. 1888ರಲ್ಲಿ ಶುರುವಾದ ಟೂರ್ನಿ. ಛೆಟ್ರಿಯ ಬಳಿ ಇಲ್ಲದಿದ್ದ ಕಪ್ಪು ಅದು. ಅದರೊಂದಿಗೆ ಕ್ಲಬ್‌ನ ದೊಡ್ಡ ಪ್ರಶಸ್ತಿಗಳು 7 ಆದವು: 2 ಐ-ಲೀಗ್, 2 ಫೆಡರೇಷನ್ ಕಪ್, ಸೂಪರ್ ಕಪ್, ಐಎಸ್‌ಎಲ್, ಡ್ಯುರಾಂಡ್.

ಅದೇ ಸೀಸನ್‌ನ ಐಎಸ್‌ಎಲ್‌ನಲ್ಲಿ ಆರಂಭ ಹೀನಾಯ. ಆಮೇಲೆ ಲೀಗ್ ಹಂತದ ಕೊನೇ 8 ಪಂದ್ಯವನ್ನೂ ಸತತವಾಗಿ ಗೆದ್ದರು. ಫೈನಲ್ ತನಕ ಹೋಗಿ ಬಾಗಾನ್ ಎದುರು 2-2, ಪೆನಾಲ್ಟಿಯಲ್ಲಿ ಸೋಲು. ಮರುವರ್ಷ 12 ತಂಡಗಳಲ್ಲಿ 10ನೇ ಸ್ಥಾನ. ಅದರ ಮರುವರ್ಷ ಮತ್ತೆ ಎದ್ದರು. ಗೆರಾರ್ಡ್ ಝಾರಗೋಝಾ ಕೋಚ್. 40 ವರ್ಷದ ಛೆಟ್ರಿ 14 ಗೋಲು. ಕಂಠೀರವದಲ್ಲಿ ಮುಂಬೈ ಸಿಟಿ ಮೇಲೆ 5-0. ಸೆಮಿಫೈನಲ್‌ನಲ್ಲಿ ಗೋವಾದಲ್ಲಿ ಹೆಚ್ಚುವರಿ ಸಮಯದತ್ತ ಜಾರುತ್ತಿದ್ದ ಪಂದ್ಯವನ್ನು ಛೆಟ್ರಿಯ ಹೆಡರ್ ಉಳಿಸಿತು.

ಏಪ್ರಿಲ್ 12, 2025. ಕೋಲ್ಕತ್ತದ ಸಾಲ್ಟ್ ಲೇಕ್. ಬಾಗಾನ್‌ನವರ ಸ್ವಂತ ಗೋಲಿನಿಂದ ನಾವು ಮುಂದೆ. ಪೆನಾಲ್ಟಿಯಲ್ಲಿ ಅವರು ಸಮ. ಹೆಚ್ಚುವರಿ ಸಮಯದಲ್ಲಿ ಮೆಕ್ಲಾರೆನ್ ಗೋಲು. 1-2.

ಮೊದಲ ಪಂದ್ಯ ಬಾಗಾನ್ ಜೊತೆ. ಮೊದಲ ದೊಡ್ಡ ನೋವು ಬಾಗಾನ್‌ನಿಂದ. 2024-25ರ ಸೀಸನ್‌ನ ಕೊನೇ ಐಎಸ್‌ಎಲ್ ಪಂದ್ಯವೂ ಬಾಗಾನ್ ಜೊತೆಗೇ. ಹನ್ನೆರಡೇ ವರ್ಷದಲ್ಲಿ ಇಂಥದ್ದೊಂದು ಹಗೆತನ ಹುಟ್ಟಿಸಿಕೊಂಡಿದ್ದೇವೆ ಅಂದ್ರೆ ನಮಗೂ ಒಂದು ಚರಿತ್ರೆ ಬಂತು ಅಂತಲೇ ಅರ್ಥ.

10/10

ಕೊನೆಗೆ ಲೆಕ್ಕ.

ಕ್ಲಬ್‌ನ ಆದಾಯ ಎಲ್ಲಿಂದ? ಟಿಕೆಟ್, ಪ್ರಾಯೋಜಕರು, ಜೆರ್ಸಿ ಮಾರಾಟ, ಲೀಗ್‌ನಿಂದ ಬರುವ ಪಾಲು. ಎಲ್ಲವೂ ಪಂದ್ಯ ನಡೆದ್ರೆ ಮಾತ್ರ. ಖರ್ಚು? ಸಂಬಳ, ಪ್ರಯಾಣ, ಮೈದಾನ, ಅಕಾಡೆಮಿ. ಇದು ಪಂದ್ಯ ಇಲ್ಲದಿದ್ರೂ ನಡೀತಾನೇ ಇರುತ್ತೆ. ಕೊರತೆಯನ್ನು ತುಂಬೋದು ಮಾಲೀಕ ಕಂಪನಿ.

2025ರಲ್ಲಿ ಲೀಗ್ ಯಾಕೆ ನಿಂತಿತ್ತು? ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ ಕೊಟ್ಟಿತ್ತು. ಐಎಸ್‌ಎಲ್ ನಡೆಸುತ್ತಿದ್ದ ಸಂಸ್ಥೆ ಆಗ ಅದಕ್ಕೆ ವರ್ಷಕ್ಕೆ 50 ಕೋಟಿ ರೂಪಾಯಿ ಕೊಡ್ತಿತ್ತು. ಆ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯೋದಿತ್ತು. ಹೊಸದು ಆಗಿರಲಿಲ್ಲ. ಒಪ್ಪಂದ ಇಲ್ಲದೆ ಸೀಸನ್ ಶುರು ಮಾಡಲ್ಲ ಅಂತ ನಡೆಸುವವರು ಕೂತಿದ್ದರು. ಫೆಡರೇಷನ್‌ನ ಸಂವಿಧಾನದ ವಿಷಯ ಆಗ ಸುಪ್ರೀಂ ಕೋರ್ಟ್‌ನಲ್ಲಿತ್ತು. ಇಷ್ಟೆಲ್ಲದರ ಬಿಸಿ ಬಂದು ತಟ್ಟಿದ್ದು ಸಂಬಳಕ್ಕೆ.

ನಮಗೆ ಅಕೌಂಟ್ಸ್‌ನಲ್ಲಿ ಗುಡ್‌ವಿಲ್ ಅಂತ ಒಂದು ಪಾಠ ಇದೆ. ವ್ಯಾಪಾರಕ್ಕೆ ಇರೋ ಒಳ್ಳೇ ಹೆಸರು, ಜನರ ನಂಬಿಕೆ, ಅದೂ ಒಂದು ಆಸ್ತಿ. ಆದರೆ ನಿಯಮ ಏನಂದ್ರೆ, ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಪುಸ್ತಕದಲ್ಲಿ ಬರೀಬಹುದು. ತಾನಾಗಿ ಬೆಳೆದದ್ದನ್ನು ಆಸ್ತಿ ಅಂತ ತೋರಿಸೋ ಹಾಗಿಲ್ಲ, ಯಾಕಂದ್ರೆ ಅದಕ್ಕೆ ಬೆಲೆ ಕಟ್ಟೋದು ಹೇಗೆ? ಪರೀಕ್ಷೆಗೆ ಬಾಯಿಪಾಠ ಮಾಡಿದಾಗ ಅದು ಬರೀ ಎರಡು ಅಂಕದ ಪ್ರಶ್ನೆ ಆಗಿತ್ತು.

ಈಗ ಅನ್ನಿಸೋದು ಬೇರೆ. ಪಶ್ಚಿಮದ ಬ್ಲಾಕ್‌ನಲ್ಲಿ ನಿಂತು ಕೂಗಿದ ಗಂಟಲುಗಳು, 87ನೇ ನಿಮಿಷದ ಮೌನ, ಅಕ್ಟೋಬರ್ 19ರ ಸದ್ದು, ಮಾಮನ ಬಾಯಲ್ಲಿ ಬಂದ 'ನಮ್ಮೋರು' ಅನ್ನೋ ಮಾತು, ಯಾವ ಬ್ಯಾಲೆನ್ಸ್ ಶೀಟ್‌ನಲ್ಲೂ ಇವು ಇಲ್ಲ. ಜೆಸಿಟಿ ಮುಚ್ಚಿದಾಗಲೂ ಫಗ್ವಾರದಲ್ಲಿ ಇಂಥದ್ದೇನೋ ಇದ್ದಿರಬೇಕು, ಪುಸ್ತಕದಲ್ಲಿ ಇರಲಿಲ್ಲ ಅಷ್ಟೇ. ಪುಸ್ತಕ ಮಾತ್ರ ನೋಡಿದವರಿಗೆ ಮುಚ್ಚೋದು ಸುಲಭ.

ಹಾಗಾದ್ರೆ ಬಿಎಫ್‌ಸಿ ಯಾರದ್ದು? ಕಾಗದದ ಮೇಲೆ ಕಂಪನಿಯದ್ದು, ಅದರಲ್ಲಿ ಎರಡು ಮಾತಿಲ್ಲ. ದುಡ್ಡು ಹಾಕಿದವರು ಅವರು, ಕೃತಜ್ಞತೆ ಇದೆ. ಆದರೆ ಮುಚ್ಚಿದರೆ ಕಳಕೊಳ್ಳೋರ ಪಟ್ಟಿ ಮಾಡಿ ನೋಡಿ, ಕಂಪನಿಯ ಹೆಸರು ಆ ಪಟ್ಟಿಯಲ್ಲಿ ಮೊದಲು ಬರಲ್ಲ.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಲೀಗ್ ಯಾವಾಗ ಶುರುವಾದ್ರೂ ಸರಿ, ಮೊದಲ ತವರು ಪಂದ್ಯಕ್ಕೆ ಟಿಕೆಟ್ ತಗೊಂಡು ಬನ್ನಿ. ಟಿಕೆಟ್ ದುಡ್ಡು ಪುಸ್ತಕಕ್ಕೆ ಹೋಗುತ್ತೆ. ಉಳಿದದ್ದು ಎಲ್ಲಿಗೆ ಹೋಗುತ್ತೆ ಅಂತ ಈಗ ನಿಮಗೂ ಗೊತ್ತು.

ಮಾಮನಿಗೆ ಸಂಬಳದ ಸುದ್ದಿ ಓದಿ ಹೇಳಿದೆ. "ನಾನು ಅವತ್ತೇ ಹೇಳಿರಲಿಲ್ವಾ" ಅಂತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಇಷ್ಟೇ: "ಮ್ಯಾಚು ಯಾವಾಗಂತೆ?"

#ಬೆಂಗಳೂರುಎಫ್‌ಸಿ #ಕಂಠೀರವ #ನಮ್ಮೂರಫುಟ್‌ಬಾಲ್